ಯೇಸುವನ್ನು ನಂಬುವ ನಾಯಕರು ಯುದ್ಧ ಮಾಡಬಹುದೇ? ಒಬ್ಬ ಹುಡುಗ ಕೇಳಿದ ಪ್ರಶ್ನೆ

ರಾಯಚೂರು ಮಾಸ್ತರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಾವಕಾಶ ಓದಿ.

ನಾವು ರಾಯಚೂರಿನ ಮೆಥೊಡಿಸ್ಟ್ ಸಭೆಯವರು, ತಾತನ ಕಾಲದಿಂದ. ಪ್ರತಿ ಭಾನುವಾರ ಆರಾಧನೆಯಲ್ಲಿ ದೇಶ ಆಳುವವರಿಗಾಗಿ ಪ್ರಾರ್ಥನೆ ಇರುತ್ತದೆ. ಅರಸರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಪ್ರಾರ್ಥಿಸಿ ಅಂತ ಪೌಲ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆ. ಈ ತಿಂಗಳು ಆ ಪ್ರಾರ್ಥನೆ ಮಾಡುವ ಸರದಿ ನನ್ನದು.

ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಯೌವನಸ್ಥರ ಕೂಟದ ಒಬ್ಬ ಹುಡುಗ ಹತ್ತಿರ ಬಂದ. ಹತ್ತೊಂಬತ್ತು ವರ್ಷ. ಅಗ್ನಿವೀರ್ ಭರ್ತಿಗೆ ತಯಾರಿ ನಡೆಸಿದ್ದಾನೆ. ದಿನಾ ನಸುಕಿನಲ್ಲಿ ಎದ್ದು 1600 ಮೀಟರ್ ಓಡುತ್ತಾನೆ. ಅವತ್ತೂ ಓಡಿ ನೇರ ಸಭೆಗೆ ಬಂದಿದ್ದ, ಬೂಟಿನ ಮೇಲೆ ಧೂಳು ಹಾಗೇ ಇತ್ತು. "ಸರ್, ಯೇಸುವಿನ ಬೆಟ್ಟದ ಮೇಲಿನ ಪ್ರಸಂಗ ನನಗೆ ಬಾಯಿಪಾಠ ಮಾಡಿಸಿದ್ದು ನೀವೇ. ವೈರಿಗಳನ್ನು ಪ್ರೀತಿಸಿ ಅಂತ ಅದರಲ್ಲಿದೆ. ಅದನ್ನೇ ಓದಿ ಬೆಳೆದ ದೊಡ್ಡ ದೊಡ್ಡ ನಾಯಕರು ಯುದ್ಧ ಮಾಡ್ತಾರಲ್ಲ, ಅವರಿಗೆ ಆ ಮಾತು ಇಲ್ವಾ? ಅವರಿಗಿಲ್ಲ ಅಂದರೆ ನನಗೂ ಇಲ್ಲ ಅಲ್ವಾ?"

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತರೂ ಅದೇ ತಲೆಯಲ್ಲಿ.

ನನಗೆ ಮೊದಲು ನೆನಪಾದವರು ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯೂ ಬುಷ್. ಯಾಕಂದರೆ ಅವರೂ ಮೆಥೊಡಿಸ್ಟ್. ಒಂದೇ ಬೇರಿನ ಸಭೆ, ಜಾನ್ ವೆಸ್ಲಿಯವರಿಂದ ಬಂದದ್ದು. 1999ರ ಡಿಸೆಂಬರಿನಲ್ಲಿ ಚುನಾವಣೆಯ ಚರ್ಚೆಯೊಂದರಲ್ಲಿ, ನಿಮಗೆ ತುಂಬಾ ಹಿಡಿಸಿದ ಚಿಂತಕ ಯಾರು ಅಂತ ಕೇಳಿದರು. ಬುಷ್ ಹೇಳಿದ್ದು ಕ್ರಿಸ್ತನ ಹೆಸರನ್ನು, ಆತ ನನ್ನ ಹೃದಯ ಬದಲಾಯಿಸಿದ ಅಂತ. ಸುಮ್ನೆ ಓಟಿಗಾಗಿ ಹೇಳಿದ್ದು ಅಂತ ನಾನು ಅನ್ನುವುದಿಲ್ಲ. ನಲವತ್ತನೇ ವಯಸ್ಸಿನಲ್ಲಿ ಕುಡಿತ ಬಿಟ್ಟ ಮನುಷ್ಯ ಅವರು. ನಂಬಿಕೆಯ ಬಲದಿಂದ ಕುಡಿತ ಬಿಟ್ಟವರು ನಮ್ಮ ಸಭೆಯಲ್ಲೂ ಇದ್ದಾರೆ. ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಅದೇ ಮನುಷ್ಯ 2003ರ ಮಾರ್ಚ್ 20ರಂದು ಇರಾಕ್ ಮೇಲೆ ಯುದ್ಧ ಶುರು ಮಾಡಿದರು. ಅವರದೇ ಯುನೈಟೆಡ್ ಮೆಥೊಡಿಸ್ಟ್ ಸಭೆಯ ಸಾಮಾಜಿಕ ತತ್ವಗಳಲ್ಲಿ, ಯುದ್ಧವು ಕ್ರಿಸ್ತನ ಬೋಧನೆಗೂ ಕ್ರಿಸ್ತನ ನಡತೆಗೂ ಹೊಂದುವುದಿಲ್ಲ ಅಂತ ಬರೆದಿತ್ತು. ಅವರ ಸಭೆಯ ಬಿಷಪ್ ಒಬ್ಬರು ಟಿವಿ ಜಾಹೀರಾತಿನಲ್ಲೇ ಕಾಣಿಸಿಕೊಂಡು ಈ ಯುದ್ಧ ಬೇಡ ಅಂದರು. ಆದರೂ ನಿಲ್ಲಲಿಲ್ಲ.

ನನ್ನ ಅನಿಸಿಕೆ ನೇರವಾಗಿ ಹೇಳುತ್ತೇನೆ. ಇದು ಹೊಂದುವುದಿಲ್ಲ. ಆದರೆ ನಾನು ಮೇಷ್ಟ್ರು, ಬಂದೂಕು ಮುಟ್ಟಿದವನಲ್ಲ, ರಾಜ್ಯ ಆಳಿದವನೂ ಅಲ್ಲ. ಆ ಹುಡುಗನಿಗೆ ನಾನು ಏನು ಹೇಳಲಿ?


ಕೌಲ್ ಬಜಾರ್ ಸುಬೇದಾರ್

ಮಾಸ್ತರೇ, ನಮಸ್ಕಾರ. ನಾನು ಬಳ್ಳಾರಿಯವನು. ಸೇನೆಯಲ್ಲಿ 26 ವರ್ಷ ಇದ್ದು ಸುಬೇದಾರ್ ಆಗಿ ನಿವೃತ್ತಿಯಾದೆ. ನಾನೂ ಕ್ರೈಸ್ತ. ನಿಮ್ಮ ಪ್ರಶ್ನೆ ಓದಿ ಬೇಜಾರಾಯಿತು, ಸಿಟ್ಟಿನಿಂದಲ್ಲ, ಇದೇ ಪ್ರಶ್ನೆ ನನ್ನ ತಾಯಿಯೂ ಕೇಳಿದ್ದರು.

ಸತ್ಯವೇದವನ್ನು ಪೂರ್ತಿ ಓದೋಣ. ಸಿಪಾಯಿಗಳು ಸ್ನಾನಿಕ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳಿದರು, ಲೂಕ 3:14. ಕತ್ತಿ ಬಿಸಾಡಿ ಅಂತ ಆತ ಹೇಳಲಿಲ್ಲ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ನಿಮ್ಮ ಸಂಬಳ ನಿಮಗೆ ಸಾಕು ಅನ್ನಿ ಅಂದ. ಕಪೆರ್ನೌಮಿನ ಶತಾಧಿಪತಿಯ ನಂಬಿಕೆಯನ್ನು ಯೇಸುಸ್ವಾಮಿಯೇ ಮೆಚ್ಚಿದರು. ಕೆಲಸ ಬಿಡು ಅಂತ ಅವನಿಗೂ ಹೇಳಲಿಲ್ಲ. ಅಧಿಕಾರಿ ಸುಮ್ಮನೆ ಕೈಯಲ್ಲಿ ಕತ್ತಿ ಹಿಡಿದಿಲ್ಲ ಅಂತ ಪೌಲ ರೋಮಾಪುರದವರಿಗೆ ಬರೆದಿದ್ದಾನೆ.

ಇನ್ನೊಂದು ಮಾತು. ಹಿಟ್ಲರನನ್ನು ಪ್ರಾರ್ಥನೆಯಿಂದ ಮಾತ್ರ ನಿಲ್ಲಿಸಲು ಆಗುತ್ತಿತ್ತಾ? ಜರ್ಮನಿಯ ಪಾಸ್ಟರ್ ಡೀಟ್ರಿಕ್ ಬೊನ್‌ಹೋಫರ್ ಶಾಂತಿಯ ಬಗ್ಗೆ ಸಾರಿದವರು. ಕೊನೆಗೆ ಅವರೇ ಹಿಟ್ಲರನನ್ನು ಮುಗಿಸುವ ಸಂಚಿನವರ ಜೊತೆ ಸೇರಿದರು. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು. ಅವರ ನಂಬಿಕೆ ಸುಳ್ಳು ಅನ್ನುತ್ತೀರಾ?

ಪಕ್ಕದ ಮನೆಗೆ ಕಳ್ಳ ನುಗ್ಗಿ ಹೆಂಗಸು ಮಕ್ಕಳನ್ನು ಹೊಡೆಯುತ್ತಿದ್ದರೆ ನಾನು ಬಾಗಿಲು ಹಾಕಿಕೊಂಡು ಕೀರ್ತನೆ ಹಾಡಲಾರೆ. ದೇಶದ ವಿಷಯವೂ ಹಾಗೇ.


ಕೊಪ್ಪಳದಾಕಿ

ಸುಬೇದಾರ್ ಸರ್, ನಿಮ್ಮ ಮಾತಿನ ತೂಕ ನನಗೆ ಅರ್ಥವಾಗುತ್ತದೆ. ನಾನು ಕ್ರೈಸ್ತಳಲ್ಲ, ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನೀವು ಹೇಳಿದ ಕಳ್ಳನ ಉದಾಹರಣೆಗೂ ಮಾಸ್ತರ ಸರ್ ಹೇಳಿದ ಇರಾಕ್‌ಗೂ ದೊಡ್ಡ ಅಂತರ ಇದೆ. ಆ ಅಂತರವನ್ನು ಅಳೆಯಲು ಕ್ರೈಸ್ತರೇ ಒಂದು ಅಳತೆಗೋಲು ಮಾಡಿಟ್ಟಿದ್ದಾರೆ.

ಮೊದಲ ಮೂರು ಶತಮಾನ ಕ್ರೈಸ್ತರ ಕೈಯಲ್ಲಿ ರಾಜ್ಯವೇ ಇರಲಿಲ್ಲ. 312ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಶಿಲುಬೆಯ ಹೆಸರಿನಲ್ಲಿ ಯುದ್ಧ ಗೆದ್ದ. ಆಮೇಲೆ ಪ್ರಶ್ನೆ ಹುಟ್ಟಿತು, ರಾಜನೇ ಕ್ರೈಸ್ತನಾದರೆ ಬೆಟ್ಟದ ಮೇಲಿನ ಪ್ರಸಂಗವನ್ನು ಏನು ಮಾಡುವುದು ಅಂತ. ಸಂತ ಅಗಸ್ಟೀನ್ ಅದಕ್ಕೆ ದಾರಿ ಹುಡುಕಿದರು. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಮೂರು ಷರತ್ತು ಹಾಕಿದರು. ಯುದ್ಧ ಸಾರುವವನಿಗೆ ಅದರ ಅಧಿಕಾರ ಇರಬೇಕು. ಕಾರಣ ನ್ಯಾಯದ್ದಾಗಿರಬೇಕು. ಮನಸ್ಸಿನಲ್ಲಿ ಸೇಡು, ದುರಾಸೆ ಇರಬಾರದು. ಬೇರೆ ದಾರಿಯೆಲ್ಲ ಮುಗಿದ ಮೇಲೆಯೇ ಯುದ್ಧ ಅನ್ನುವುದು ಆಮೇಲೆ ಸೇರಿತು.

ಈಗ ಇರಾಕನ್ನು ಇದರ ಮೇಲೆ ಇಡಿ. ಸದ್ದಾಂ ಹತ್ತಿರ ಸಾಮೂಹಿಕ ನಾಶದ ಆಯುಧ ಇದೆ ಅಂದರು, ಸಿಗಲಿಲ್ಲ. ಆ ಯುದ್ಧಕ್ಕೆ ಜೊತೆಯಾದ ಬ್ರಿಟನ್ನಿನ ಆಗಿನ ಪ್ರಧಾನಿ ಟೋನಿ ಬ್ಲೇರ್ ಕೂಡ ಗಟ್ಟಿ ನಂಬಿಕೆಯ ಮನುಷ್ಯ, 2007ರಲ್ಲಿ ಕ್ಯಾಥೊಲಿಕ್ ಆದರು. ಅವರ ದೇಶದ ಚಿಲ್ಕಾಟ್ ಸಮಿತಿ 2016ರ ಜುಲೈ 6ರಂದು ವರದಿ ಕೊಟ್ಟಿತು. ಶಾಂತಿಯ ದಾರಿಗಳು ಇನ್ನೂ ಮುಗಿದಿರಲಿಲ್ಲ, ಯುದ್ಧ ಆಗ ಕೊನೆಯ ದಾರಿ ಆಗಿರಲಿಲ್ಲ ಅಂತ ಅದರಲ್ಲಿದೆ.

ಇದು ಆಮೇಲೆ ಗೊತ್ತಾಗಿದ್ದು ಅನ್ನಬಹುದು. ಹಾಗಲ್ಲ. ಪೋಪ್ ಎರಡನೇ ಜಾನ್ ಪಾಲ್ 2003ರ ಜನವರಿಯಲ್ಲೇ, ಯುದ್ಧ ಅಂದರೆ ಯಾವತ್ತೂ ಮನುಷ್ಯಕುಲದ ಸೋಲು ಅಂದಿದ್ದರು. ಮಾರ್ಚ್ 5ರಂದು ಕಾರ್ಡಿನಲ್ ಪಿಯೊ ಲಾಘಿ ಅವರನ್ನು ವಾಷಿಂಗ್ಟನ್ನಿಗೆ ಕಳಿಸಿದರು. ಲಾಘಿ ಬುಷ್ ಮನೆತನಕ್ಕೆ ಹಳೆಯ ಪರಿಚಯದವರು. ಅವತ್ತು ಬೂದಿ ಬುಧವಾರ. ಪಶ್ಚಾತ್ತಾಪಕ್ಕೆ ಅಂತಲೇ ಇಟ್ಟ ದಿನ. ಎರಡು ವಾರಕ್ಕೆ ಬಾಂಬು ಬಿತ್ತು.

ಸರ್, ನ್ಯಾಯಯುದ್ಧದ ಮಾತು ನಾಯಕರ ಬಾಯಲ್ಲಿ ಇರುತ್ತದೆ. ಆದರೆ ಆ ಅಳತೆಗೋಲು ಹಿಡಿದು "ಇದು ಸಾಲದು" ಅಂತ ಹಿಂದೆ ಸರಿದ ನಾಯಕ ಎಷ್ಟು ಜನ?


ಸಿಂಧನೂರು ಭತ್ತ

ನಾನು ಜಾಸ್ತಿ ಓದಿದವನಲ್ಲ. ಒಂದೇ ಪ್ರಶ್ನೆ. ರಷ್ಯಾದ ಪುಟಿನ್ ಮೇಣದಬತ್ತಿ ಹಿಡಿದು ಚರ್ಚಿನಲ್ಲಿ ನಿಂತದ್ದನ್ನು ಟಿವಿಯಲ್ಲಿ ನೋಡಿದ್ದೇನೆ. ಅವರೂ ಕ್ರೈಸ್ತರೇ, ಆ ಕಡೆ ಉಕ್ರೇನಿನ ಜನರೂ ಹೆಚ್ಚಿನವರು ಕ್ರೈಸ್ತರೇ. ಒಂದೇ ದೇವರಿಗೆ ಕೈಮುಗಿದು ಹೊಡೆದಾಡುತ್ತಾರಲ್ಲ?

ಆ ಯುದ್ಧ ಶುರುವಾದಾಗ ನಮ್ಮ ಮನೆಯಲ್ಲಿ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಅಳೆದು ಅಳೆದು ಸುರಿಯುವ ಹಾಗಾಗಿತ್ತು. ಅದಿರಲಿ. ಹಾವೇರಿ ಜಿಲ್ಲೆಯ ಹುಡುಗ, ಡಾಕ್ಟರ್ ಓದಲು ಹೋದವನು, 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಸತ್ತ. ಊಟದ ಸಾಮಾನಿಗೆ ಅಂತ ಹೊರಗೆ ಹೋಗಿದ್ದ. ನನ್ನ ಮಗಳೂ ಆ ವರ್ಷ ನೀಟ್ ಬರೆಯುವವಳಿದ್ದಳು. ಅವತ್ತು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.


ಮುದಗಲ್ ಕೋಟೆ

ಅಣ್ಣಾ, ನಿಮ್ಮ ಮಾತು ಓದಿ ನನಗೂ ಹೊಟ್ಟೆ ಕಲಕಿತು. ನಾನು ಮುದಗಲ್ಲಿನ ಕ್ಯಾಥೊಲಿಕ್. ನಮ್ಮ ಊರಿನಲ್ಲಿ ಕ್ರೈಸ್ತರು 16ನೇ ಶತಮಾನದಿಂದ ಇದ್ದಾರೆ.

ರಷ್ಯಾದ ವಿಷಯದಲ್ಲಿ ನನಗೆ ಪುಟಿನ್‌ಗಿಂತ ಹೆಚ್ಚು ನೋವು ಕೊಟ್ಟವರು ಅಲ್ಲಿನ ಧರ್ಮಗುರು, ಪೇಟ್ರಿಯಾರ್ಕ್ ಕಿರಿಲ್. 2022ರ ಸೆಪ್ಟೆಂಬರ್ 25ರ ಪ್ರಸಂಗದಲ್ಲಿ ಅವರು ಹೇಳಿದ್ದು ಇದು: ಸೈನಿಕನ ಕರ್ತವ್ಯ ಮಾಡುತ್ತಾ ಸತ್ತರೆ ಆ ಬಲಿದಾನ ಅವನ ಪಾಪವನ್ನೆಲ್ಲ ತೊಳೆಯುತ್ತದೆ. ಪಾಪ ತೊಳೆಯುವುದು ಯಾರ ರಕ್ತ ಅಂತ ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಅದನ್ನು ಒಬ್ಬ ರಾಜನ ಯುದ್ಧಕ್ಕೆ ಕೊಟ್ಟುಬಿಟ್ಟರಲ್ಲ.

ಆದರೆ ಅದೇ ಸಭೆಯಲ್ಲಿ ಹೆಚ್ಚು ಕಡಿಮೆ 300 ಪಾದ್ರಿಗಳು 2022ರ ಮಾರ್ಚ್‌ನಲ್ಲಿ ಸಹಿ ಹಾಕಿ ಯುದ್ಧ ನಿಲ್ಲಿಸಿ ಅಂತ ಪತ್ರ ಬರೆದರು. ಪ್ರಸಂಗದಲ್ಲಿ ಯುದ್ಧದ ವಿರುದ್ಧ ಮಾತಾಡಿದ ಹಳ್ಳಿ ಪಾದ್ರಿಯೊಬ್ಬರಿಗೆ ಕೋರ್ಟು ದಂಡ ಹಾಕಿತು. ಪೋಪ್ ಫ್ರಾನ್ಸಿಸ್ ಕಿರಿಲ್ ಅವರಿಗೆ, ನಾವು ಸರಕಾರದ ಪಾದ್ರಿಗಳಲ್ಲ, ರಾಜಕೀಯದ ಭಾಷೆಯಲ್ಲ, ಯೇಸುವಿನ ಭಾಷೆ ಮಾತಾಡಬೇಕು ಅಂದರು. ಇವರೂ ಅದೇ ಸುವಾರ್ತೆ ಓದುವವರು.

ಇನ್ನೊಂದು ಹೇಳಬೇಕು. ನಾಗಸಾಕಿ. ಜಪಾನಿನಲ್ಲಿ ಕ್ಯಾಥೊಲಿಕರು ಹೆಚ್ಚಿಗೆ ಇದ್ದ ಊರು ಅದು. ಇನ್ನೂರು ವರ್ಷಕ್ಕೂ ಜಾಸ್ತಿ ನಂಬಿಕೆಯನ್ನು ಅಡಗಿಸಿ ಕಾಪಾಡಿಕೊಂಡು ಬಂದ ಜನ. 1945ರ ಆಗಸ್ಟ್ 9, ಬೆಳಗ್ಗೆ 11:02. ಉರಕಾಮಿ ಕೆಥೆಡ್ರಲ್ಲಿನಲ್ಲಿ ಆಗ ಪಾಪನಿವೇದನೆ ನಡೆಯುತ್ತಿತ್ತು. ಆಗಸ್ಟ್ 15ರ ಮರಿಯಮ್ಮನ ಹಬ್ಬ ಹತ್ತಿರ ಇತ್ತಲ್ಲ. ಬಾಂಬು ಸಿಡಿದದ್ದು ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿ. ನಿವೇದನೆ ಕೇಳುತ್ತಿದ್ದ ಪಾದ್ರಿಗಳೂ ಇಲ್ಲ, ಮಂಡಿಯೂರಿದ್ದವರೂ ಇಲ್ಲ.

ಆಗ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್, ಬ್ಯಾಪ್ಟಿಸ್ಟ್. ಅದೇ ಆಗಸ್ಟ್ 9ರ ರೇಡಿಯೊ ಭಾಷಣದಲ್ಲಿ, ಈ ಬಾಂಬು ವೈರಿಗಳಿಗೆ ಸಿಗದೆ ನಮಗೆ ಸಿಕ್ಕಿದ್ದಕ್ಕೆ ದೇವರಿಗೆ ವಂದನೆ ಅಂದರು. ದೇವರ ಉದ್ದೇಶಕ್ಕೆ ತಕ್ಕಂತೆ ಬಳಸಲು ಆತನೇ ದಾರಿ ತೋರಿಸಲಿ ಅಂತ ಪ್ರಾರ್ಥಿಸಿದರು. ಒಂದೇ ದಿನ. ಅಲ್ಲೊಂದು ಪ್ರಾರ್ಥನೆ, ಇಲ್ಲೊಂದು ಪ್ರಾರ್ಥನೆ. ನನಗೆ ಇದನ್ನು ದಾಟಿ ಮುಂದೆ ಹೋಗಲು ಆಗುವುದಿಲ್ಲ.


ಬೆಣಕಲ್ ಗುಡ್ಡ

ಎಲ್ಲ ಸರಿ, ಆದರೆ ಕ್ರೈಸ್ತ ನಾಯಕರನ್ನೇ ಯಾಕೆ ಕೇಳುತ್ತೀರಿ? ಯಾವ ಧರ್ಮದ ರಾಜ ಯುದ್ಧ ಮಾಡಿಲ್ಲ? ನಮ್ಮ ರಾಯಚೂರು ಕೋಟೆಗಾಗಿಯೇ ಎಷ್ಟು ರಕ್ತ ಹರಿದಿದೆ. 1520ರಲ್ಲಿ ಕೃಷ್ಣದೇವರಾಯ ಆದಿಲ್‌ಶಾಹಿಯಿಂದ ಕೋಟೆ ಗೆದ್ದಾಗ ಜೊತೆಗೆ ಪೋರ್ಚುಗೀಸ್ ತುಪಾಕಿಯವರೂ ಇದ್ದರು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಜನ ಒಂದೇ ಕೋಟೆ ಗೋಡೆಯ ಹತ್ತಿರ ಸತ್ತಿದ್ದಾರೆ. ರಾಜ್ಯ ಬೇರೆ, ಧರ್ಮ ಬೇರೆ ಅಂತ ಬಿಟ್ಟುಬಿಡಬೇಕು.


ರಾಯಚೂರು ಮಾಸ್ತರ

ತಮ್ಮಾ, ನಿಮ್ಮ ಮಾತು ನಿಜ. ಆದರೆ ಇದು ನನ್ನ ಮನೆ. ನನ್ನ ಮನೆಯ ಅಂಗಳವನ್ನು ನಾನೇ ಗುಡಿಸಬೇಕಲ್ಲ. ಬೇರೆ ಧರ್ಮದವರ ಲೆಕ್ಕ ಕೇಳುವುದು ನನ್ನ ಕೆಲಸವಲ್ಲ.

ರಾಜ್ಯ ಬೇರೆ, ಧರ್ಮ ಬೇರೆ ಅಂತ ಆ ನಾಯಕರು ಹೇಳಿದ್ದರೆ ನನ್ನ ಪ್ರಶ್ನೆಯೇ ಇರುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ದೇವರ ಹೆಸರು ಹೇಳಿಯೇ ಹೋದರು. ಎರಡೂ ಮಹಾಯುದ್ಧಗಳಲ್ಲಿ ಜರ್ಮನ್ ಸಿಪಾಯಿಯ ಬೆಲ್ಟಿನ ಕೊಕ್ಕೆಯ ಮೇಲೆ "ದೇವರು ನಮ್ಮ ಜೊತೆಗಿದ್ದಾನೆ" ಅಂತ ಅಚ್ಚು ಹಾಕಿತ್ತು. ಹೊಟ್ಟೆಯ ಮೇಲೆ ದೇವರ ಹೆಸರು ಕಟ್ಟಿಕೊಂಡು ಹೋಗಿ ಮಾಡಿದ್ದೇನು ಅಂತ ಜಗತ್ತಿಗೇ ಗೊತ್ತು.


ಗದ್ವಾಲ್ ಮಗಳು

ನಮಸ್ಕಾರ. ನಾನು ಗದ್ವಾಲಿನವಳು, ಗಡಿ ದಾಟಿ ರಾಯಚೂರಿಗೆ ಸೊಸೆಯಾಗಿ ಬಂದೆ. ನಮ್ಮ ತವರಿನ ಸಭೆ ಮೆನ್ನೊನೈಟ್ ಬ್ರದರನ್. ಗದ್ವಾಲ್, ಮೆಹಬೂಬ್‌ನಗರ ಕಡೆ ನಮ್ಮವರು ಬಹಳ ಇದ್ದಾರೆ. ಮೆನ್ನೊನೈಟರಿಗೆ ಮೊದಲಿನಿಂದಲೂ ಇದು ದೊಡ್ಡ ಪ್ರಶ್ನೆ, ಅದಕ್ಕೇ ಬರೆಯುತ್ತಿದ್ದೇನೆ.

1527ರಲ್ಲಿ ಶ್ಲೈಟ್‌ಹೈಮ್ ಅನ್ನುವ ಊರಿನಲ್ಲಿ ನಮ್ಮ ಹಿರಿಯರ ಪೈಕಿ ಕೆಲವರು ಸೇರಿ ಏಳು ಮಾತು ಬರೆದರು. ಆರನೆಯದು ಕತ್ತಿಯ ಬಗ್ಗೆ. ಲೋಕ ನಡೆಯಲು ಕತ್ತಿ ಬೇಕಾಗಬಹುದು, ಅದನ್ನು ದೇವರೇ ಬಿಟ್ಟಿದ್ದಾನೆ. ಆದರೆ ಅದು ಕ್ರಿಸ್ತನ ಪೂರ್ಣತೆಯ ಹೊರಗಿನದು. ಆದ್ದರಿಂದ ಕ್ರೈಸ್ತನು ಕತ್ತಿ ಹಿಡಿಯುವ ಅಧಿಕಾರಿ ಆಗಬಾರದು. ಅಂದರೆ ಸಿಪಾಯಿಯಷ್ಟೇ ಅಲ್ಲ, ರಾಜನೂ ಆಗಬಾರದು. ಬರೆಯುವುದರಲ್ಲಿ ಮುಂದಿದ್ದ ಮೈಕೆಲ್ ಸಾಟ್ಲರ್ ಅವರನ್ನು ಅದೇ ವರ್ಷ ಹಿಂಸೆ ಕೊಟ್ಟು ಸುಟ್ಟರು. ಸುಟ್ಟವರೂ ಕ್ರೈಸ್ತ ಅಧಿಕಾರಿಗಳೇ.

ನಮ್ಮ ಅಜ್ಜಿಗೆ ಈ ಇತಿಹಾಸ ಗೊತ್ತಿರಲಿಲ್ಲ. ಆದರೆ ಅಣ್ಣ ತಮ್ಮ ಆಟದ ಬಂದೂಕು ತಂದರೆ ಕಸಿದುಕೊಂಡು ಒಲೆಗೆ ಹಾಕುತ್ತಿದ್ದರು. ಪ್ಲಾಸ್ಟಿಕ್ ಸುಟ್ಟ ವಾಸನೆಗೆ ಅಮ್ಮ ಬೈಯುತ್ತಿದ್ದರು. ಅಜ್ಜಿ ಮಾತ್ರ ಹೂಂ ಅನ್ನದೆ ರೊಟ್ಟಿ ತಟ್ಟುತ್ತಿದ್ದರು.

ಮಾಸ್ತರ ಅಣ್ಣಾ, ಅಮೆರಿಕದಂಥ ದೇಶದ ಅಧ್ಯಕ್ಷನ ಕುರ್ಚಿಯಲ್ಲಿ ಕೂತು ಬೆಟ್ಟದ ಮೇಲಿನ ಪ್ರಸಂಗವನ್ನು ಪೂರ್ತಿ ಪಾಲಿಸುವುದು ಆಗದ ಮಾತು ಅಂತ ನಮ್ಮ ಹಿರಿಯರು 500 ವರ್ಷದ ಹಿಂದೆಯೇ ಹೇಳಿದ್ದರು. ಕುರ್ಚಿ ಬೇಕಾದರೆ ಪ್ರಸಂಗದಲ್ಲಿ ಸ್ವಲ್ಪ ಬಿಡಬೇಕು. ಬಿಡುತ್ತಿದ್ದೇನೆ ಅಂತ ಒಪ್ಪಿಕೊಂಡರೂ ಸಾಕಿತ್ತು.


ಕೌಲ್ ಬಜಾರ್ ಸುಬೇದಾರ್

ತಂಗೀ, ನಿಮ್ಮ ಅಜ್ಜಿಯ ಮಾತು ಎರಡು ಸಲ ಓದಿದೆ.

ನಾನು ಒಂದು ವಿಷಯ ಹೇಳುತ್ತೇನೆ, ಮನೆಯಲ್ಲಿ ಬಿಟ್ಟು ಹೊರಗೆ ಯಾರಿಗೂ ಹೇಳಿದ್ದಿಲ್ಲ. ನನ್ನ ಜೇಬಿನಲ್ಲಿ ಕನ್ನಡದ ಚಿಕ್ಕ ಹೊಸ ಒಡಂಬಡಿಕೆ ಇರುತ್ತಿತ್ತು. ಮಿಷನರಿ ಹ್ಯಾಂಡ್ಸ್ ಸಾಹೇಬರು 1810ರಲ್ಲಿ ಬಂದು ಕೂತು ಸತ್ಯವೇದವನ್ನು ಕನ್ನಡಕ್ಕೆ ತಂದ ಊರು ನಮ್ಮದು ಅಂತ ತಂದೆ ಹೆಮ್ಮೆಯಿಂದ ಕೊಟ್ಟದ್ದು. ಆಗ ಬಳ್ಳಾರಿಯಲ್ಲಿ ದಂಡೂ ಇತ್ತು. ಒಂದೇ ಊರಿನಲ್ಲಿ ಫಿರಂಗಿ ಒಂದು ಕಡೆ, ಸುವಾರ್ತೆ ಒಂದು ಕಡೆ.

ಗಡಿಯ ಪೋಸ್ಟಿನಲ್ಲಿ ಒಂದು ರಾತ್ರಿ ಗುಂಡಿನ ಚಕಮಕಿ ಆಯಿತು. ಬೆಳಗಾದ ಮೇಲೆ ಆ ಕಡೆಯವರು ಬಿಳಿ ಬಟ್ಟೆ ತೋರಿಸಿ ತಮ್ಮ ಹುಡುಗನೊಬ್ಬನ ಹೆಣ ಹೊತ್ತೊಯ್ದರು. ನಾವು ಗುಂಡು ಹಾರಿಸಲಿಲ್ಲ, ಅದು ನಿಯಮ. ದುರ್ಬೀನಿನಲ್ಲಿ ನೋಡಿದೆ. ಅವನ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ, ಉಣ್ಣೆಯ ಕಾಲುಚೀಲ ಇತ್ತು, ಹಿಮ್ಮಡಿಯ ಹತ್ತಿರ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಮನೆಯಲ್ಲಿ ಯಾರೋ ಹೊಲಿದುಕೊಟ್ಟದ್ದು. ಅವತ್ತು ಜೇಬಿನ ಪುಸ್ತಕ ತೆಗೆದೆ, ಓದಲು ಆಗಲಿಲ್ಲ, ಮತ್ತೆ ಜೇಬಿಗೆ ಹಾಕಿಕೊಂಡೆ.

ನಾನು ಮಾಡಿದ ಕೆಲಸ ತಪ್ಪು ಅಂತ ಇವತ್ತಿಗೂ ಅನ್ನುವುದಿಲ್ಲ. ನನ್ನ ಹಿಂದೆ ಊರುಗಳಿದ್ದವು. ಆದರೆ ಅದು ಪುಣ್ಯದ ಕೆಲಸ ಅಂತ ಯಾರಾದರೂ ಹೇಳಿದರೆ ಎದ್ದು ಹೋಗುತ್ತೇನೆ. ಬೊನ್‌ಹೋಫರ್ ಹೆಸರು ನಾನೇ ತೆಗೆದೆ. ಅವರೂ ತಾವು ಮಾಡುತ್ತಿರುವುದು ಶುದ್ಧ ಅನ್ನಲಿಲ್ಲ, ದೋಷವನ್ನು ಹೊತ್ತುಕೊಂಡೇ ಹೋದರು. ಆದೇಶ ಕೊಡುವವರು ಆ ಕಾಲುಚೀಲ ನೋಡಿರುವುದಿಲ್ಲ. ನೋಡದವರು ದೇವರ ಹೆಸರು ಎತ್ತಬಾರದು. ಇಷ್ಟು ಮಟ್ಟಿಗೆ ಮಾಸ್ತರ ಮಾತು ಒಪ್ಪುತ್ತೇನೆ.


ಕೊಪ್ಪಳದಾಕಿ

ಸರ್, ಇದನ್ನು ಇಲ್ಲಿ ಬರೆದದ್ದಕ್ಕೆ ನಿಮಗೆ ವಂದನೆ.

ನಮ್ಮ ಕೊಪ್ಪಳದ ಗವಿಮಠದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನ ಇದೆ. ಪ್ರತಿ ವರ್ಷ ಹುಡುಗರನ್ನು ಕರೆದುಕೊಂಡು ಹೋಗುತ್ತೇನೆ. ಕಳಿಂಗದಲ್ಲಿ ಲಕ್ಷ ಜನ ಸತ್ತರು, ನನಗೆ ದುಃಖವಾಗಿದೆ ಅಂತ ಅಶೋಕ ಬರೆಸಿದ್ದು 13ನೇ ಶಿಲಾಶಾಸನದಲ್ಲಿ, ಅದು ಬೇರೆ ಕಡೆ ಇದೆ. ಆದರೆ ಕಳಿಂಗದಲ್ಲೇ, ಧೌಲಿ ಮತ್ತು ಜೌಗಡದಲ್ಲಿ, ಆ ಶಾಸನವನ್ನು ಕೆತ್ತಿಸಲಿಲ್ಲ. ಗಾಯವಾದ ಜನರ ಮುಂದೆ ಅದನ್ನು ಹೇಳುವುದು ಚಕ್ರವರ್ತಿಗೂ ಸುಲಭ ಇರಲಿಲ್ಲ ಅಂತ ನನಗೆ ಅನಿಸುತ್ತದೆ. ಆದರೂ ಹೇಳಿದನಲ್ಲ, ಎಲ್ಲೋ ಒಂದು ಕಡೆ. ಕ್ರೈಸ್ತ ನಾಯಕರಲ್ಲಿ ಹಾಗೆ ಹೇಳಿದವರು ಇದ್ದಾರಾ ಮಾಸ್ತರ ಸರ್?


ರಾಯಚೂರು ಮಾಸ್ತರ

ಇದ್ದಾರೆ ಅಕ್ಕಾ. ಕಡಿಮೆ, ಆದರೆ ಇದ್ದಾರೆ.

390ರಲ್ಲಿ ರೋಮಿನ ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಥೆಸಲೋನಿಕದಲ್ಲಿ ಸಾವಿರಾರು ಜನರನ್ನು ಕೊಂದರು. ಪೌಲ ಎರಡು ಪತ್ರ ಬರೆದ ಊರು ಅದು. ಮಿಲಾನಿನ ಬಿಷಪ್ ಆಂಬ್ರೋಸ್ ಚಕ್ರವರ್ತಿಗೇ ಪತ್ರ ಬರೆದು, ಪಶ್ಚಾತ್ತಾಪ ಪಡುವವರೆಗೂ ನಿಮಗೆ ಕರ್ತನ ಭೋಜನ ಕೊಡುವುದಿಲ್ಲ ಅಂದರು. ಚಕ್ರವರ್ತಿ ರಾಜವಸ್ತ್ರ ತೆಗೆದಿಟ್ಟು ಜನರೆದುರು ಅತ್ತ. ತಿಂಗಳುಗಟ್ಟಲೆ ಕಾದ ಮೇಲೆ ಕ್ರಿಸ್‌ಮಸ್‌ಗೆ ಒಳಗೆ ಬಿಟ್ಟರು.

ಅಮೆರಿಕದ ಅಂತರ್ಯುದ್ಧದ ಕಾಲದ ಅಧ್ಯಕ್ಷ ಲಿಂಕನ್ ಯಾವ ಸಭೆಯ ಸದಸ್ಯರೂ ಆಗಿರಲಿಲ್ಲ. ಯುದ್ಧ ಗೆಲ್ಲುತ್ತಿದ್ದಾಗ, 1865ರ ಮಾರ್ಚ್ 4ರಂದು, ಎರಡೂ ಕಡೆಯವರು ಒಂದೇ ಬೈಬಲ್ ಓದುತ್ತಾರೆ, ಒಂದೇ ದೇವರಿಗೆ ಪ್ರಾರ್ಥಿಸುತ್ತಾರೆ, ಇಬ್ಬರ ಪ್ರಾರ್ಥನೆಯೂ ಪೂರ್ತಿ ನೆರವೇರಲಿಲ್ಲ ಅಂದರು. ದೇವರು ನನ್ನ ಕಡೆ ಅನ್ನಲಿಲ್ಲ. ಗುಲಾಮಗಿರಿಯ ಪಾಪವನ್ನು ಇಡೀ ದೇಶದ ಮೇಲೆ ಹಾಕಿದರು, ತಮ್ಮ ಕಡೆಯನ್ನೂ ಸೇರಿಸಿ.

ಜಿಮ್ಮಿ ಕಾರ್ಟರ್ ನನಗೆ ತುಂಬಾ ಇಷ್ಟ. ಅಧ್ಯಕ್ಷಗಿರಿ ಮುಗಿದ ಮೇಲೂ ಊರಿನ ಸಭೆಯಲ್ಲಿ ಸಂಡೇ ಸ್ಕೂಲ್ ಪಾಠ ಮಾಡಿದವರು. 1978ರಲ್ಲಿ ಈಜಿಪ್ಟಿನ ಸಾದತ್, ಇಸ್ರೇಲಿನ ಬೆಗಿನ್ ಇಬ್ಬರನ್ನೂ 13 ದಿನ ಕ್ಯಾಂಪ್ ಡೇವಿಡ್‌ನಲ್ಲಿ ಇಟ್ಟುಕೊಂಡು ಒಪ್ಪಂದ ಮಾಡಿಸಿದರು. ಅವರ ಕಾಲದಲ್ಲೂ ಅಫ್ಘಾನಿಸ್ತಾನಕ್ಕೆ ಆಯುಧ ಹೋಯಿತು, ಅದನ್ನು ನಾನು ಮುಚ್ಚಿಡಲಾರೆ. ಆದರೆ ಇರಾಕ್ ಯುದ್ಧಕ್ಕೆ ಮೊದಲು, ಇದು ನ್ಯಾಯದ ಯುದ್ಧ ಅಲ್ಲ ಅಂತ ತಾವೇ ಪತ್ರಿಕೆಗೆ ಬರೆದರು.

ಇದನ್ನೆಲ್ಲ ಓದಿ ನನಗೆ ಒಂದು ತಿಳಿಯಿತು. ನಾಯಕ ಯುದ್ಧಕ್ಕೆ ಮೊದಲು ಎಷ್ಟು ಹೊತ್ತು ಪ್ರಾರ್ಥಿಸಿದ ಅಂತ ನಾನು ಇನ್ನು ಕೇಳುವುದಿಲ್ಲ. ಅವನ ನಂಬಿಕೆಗೆ ಅವನನ್ನು ತಡೆಯುವ ಶಕ್ತಿ ಇತ್ತಾ ಅಂತ ಕೇಳುತ್ತೇನೆ. ಬಿಷಪ್ ಬೇಡ ಅಂದಾಗ ಕೇಳಿದನಾ? ತಪ್ಪು ಅಂತ ಗೊತ್ತಾದ ಮೇಲೆ ಅತ್ತನಾ? ಬುಷ್ ಹತ್ತಿರ ಅವರ ಸಭೆಯೂ ಮಾತಾಡಿತು, ಪೋಪ್ ಕೂಡ ಆಳು ಕಳಿಸಿದರು. ನಂಬಿಕೆ ಕುಡಿತ ಬಿಡಿಸಿತು, ಯುದ್ಧ ಬಿಡಿಸಲಿಲ್ಲ. ಅದು ನನಗೆ ದುಃಖ.

ಮುಂದಿನ ಭಾನುವಾರದ ಪ್ರಾರ್ಥನೆಯಲ್ಲಿ ಒಂದು ಸಾಲು ಸೇರಿಸುತ್ತೇನೆ. ಆಳುವವರಿಗೆ ಬುದ್ಧಿ ಕೊಡು ಅಂತ ಇಷ್ಟು ವರ್ಷ ಕೇಳಿದ್ದೇವೆ. ಅವರಿಗೆ ಬೇಡ ಅನ್ನುವವರನ್ನು ಕೊಡು, ಅವರ ಮಾತು ಕೇಳುವ ಕಿವಿ ಕೊಡು ಅಂತ ಕೇಳುತ್ತೇನೆ. ಆ ಕಡೆಯ ತಾಯಂದಿರನ್ನೂ ನೆನೆಯುತ್ತೇನೆ.


ಮುದಗಲ್ ಕೋಟೆ

ಆಮೆನ್ ಅಣ್ಣಾ. ಹಿರೋಷಿಮಾ, ನಾಗಸಾಕಿಗೆ ಬಾಂಬು ಹೊತ್ತ ಪಡೆಯ ಕ್ಯಾಥೊಲಿಕ್ ಪಾದ್ರಿ ಜಾರ್ಜ್ ಜಬೆಲ್ಕಾ ಕೂಡ ಎಷ್ಟೋ ವರ್ಷದ ಮೇಲೆ, ಅವತ್ತು ನಾನು ಸುಮ್ಮನಿದ್ದೆ, ಅದು ನನ್ನ ಪಾಪ ಅಂತ ಬಹಿರಂಗವಾಗಿ ಹೇಳಿದರು. ಪಾದ್ರಿಗಳಿಗಾಗಿಯೂ ಒಂದು ಸಾಲು ಸೇರಿಸಿ.


ಸಿಂಧನೂರು ಭತ್ತ

ಮಾಸ್ತರೇ, ಆ ಹುಡುಗ ಏನಂದ? ಅವನಿಗೆ ಏನು ಹೇಳಿದಿರಿ?


ರಾಯಚೂರು ಮಾಸ್ತರ

ನಿನ್ನೆ ಸಂಜೆ ಮನೆಗೆ ಕರೆದು ಇಲ್ಲಿ ಬಂದದ್ದನ್ನೆಲ್ಲ ಓದಿ ಹೇಳಿದೆ. ಭರ್ತಿಗೆ ಹೋಗಬೇಡ ಅಂತ ನಾನು ಹೇಳಲಿಲ್ಲ, ಹೋಗು ಅಂತಲೂ ಹೇಳಲಿಲ್ಲ. ವೈರಿಗಳನ್ನು ಪ್ರೀತಿಸಿ ಅನ್ನುವ ಮಾತು ನಾಯಕನಿಗೂ ಇದೆ, ನಿನಗೂ ಇದೆ, ಯಾರು ಮುರಿದರೂ ಅದು ರದ್ದಾಗುವುದಿಲ್ಲ ಅಂದೆ. ಕಾಲುಚೀಲದ ಭಾಗ ಬಂದಾಗ ತಲೆ ತಗ್ಗಿಸಿಕೊಂಡು ಕೂತಿದ್ದ. ಆಮೇಲೆ ಸುಬೇದಾರ್ ಸರ್ ಜೊತೆ ಮಾತಾಡಬಹುದಾ ಅಂತ ಕೇಳಿದ.


ಕೌಲ್ ಬಜಾರ್ ಸುಬೇದಾರ್

ಕಳಿಸಿ ಮಾಸ್ತರೇ. ನಂಬರ್ ಇಲ್ಲಿ ಹಾಕುವುದಿಲ್ಲ, ನಿಮಗೆ ಮೆಸೇಜ್ ಮಾಡುತ್ತೇನೆ. ರಾತ್ರಿ ಎಂಟರ ಮೇಲೆ ಫೋನ್ ಮಾಡಲು ಹೇಳಿ, ಎಷ್ಟು ಹೊತ್ತಾದರೂ ಮಾತಾಡುತ್ತೇನೆ.